ಪದ್ಮಿನಿ ಮತ್ತು ಮಾರುತಿ: ಒಂದು ತೂಕದ ಲೆಕ್ಕ

ಪ್ರೀಮಿಯರ್ ಪದ್ಮಿನಿ ಮತ್ತು ಮಾರುತಿ 800 ನಮ್ಮ ರಸ್ತೆಗಳಲ್ಲಿ ಅಕ್ಕಪಕ್ಕದಲ್ಲೇ ಓಡಿದವು. ಹಾಗಾಗಿ ಎರಡೂ ಒಂದೇ ಕಾಲದ ಕಾರುಗಳು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆದರೆ ಅವುಗಳ ನಡುವೆ ಮೂವತ್ತು ವರ್ಷಗಳ ಅಂತರವಿದೆ ಸ್ವಾಮಿ!

ಪದ್ಮಿನಿಯ ಮೂಲ ಇಟಲಿಯಲ್ಲಿ 1953ರಲ್ಲಿ ಬಂದ ಫಿಯಟ್ 1100. ವಾಲ್‌ಚಂದ್ ಹೀರಾಚಂದ್ ಕಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್ ಇದನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1964ರಲ್ಲಿ ಅದು 'ಡಿಲೈಟ್' ಆಯಿತು. ಎಪ್ಪತ್ತರ ದಶಕದಲ್ಲಿ ಮೊದಲು 'ಪ್ರೆಸಿಡೆಂಟ್', ಆಮೇಲೆ 'ಪದ್ಮಿನಿ'. ಹೆಸರು ಬದಲಾಗುತ್ತಾ ಹೋಯಿತು, ಎಂಜಿನ್ ಮಾತ್ರ ಮೂಲತಃ ಅದೇ ಉಳಿಯಿತು. ಮಾರುತಿ 800 ಜಪಾನಿನ ಸುಝುಕಿಯ ವಿನ್ಯಾಸ. ಮೊದಲ ಕಾರು ಗಿರಾಕಿಯ ಕೈಸೇರಿದ್ದು 1983ರ ಡಿಸೆಂಬರ್ 14ರಂದು. 1986ರಲ್ಲಿ ಅದಕ್ಕೆ ಹೊಸ ಬಾಡಿ ಬಂತು.

ಈಗ ಅಂಕಿಗಳಿಗೆ ಬರೋಣ. ಪದ್ಮಿನಿಗೆ 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ಸುಮಾರು 40 ಎಚ್‌ಪಿ. ಮಾರುತಿಗೆ 796 ಸಿಸಿಯ ಮೂರೇ ಸಿಲಿಂಡರ್, ಸುಮಾರು 37 ಎಚ್‌ಪಿ. ಇಷ್ಟೇ ನೋಡಿದರೆ ಹಳೆಯದೇ ಮೇಲು. ಆದರೆ ತೂಕ ನೋಡಿ: ಪದ್ಮಿನಿ 895 ಕಿಲೋ, 1986ರ ಮಾರುತಿ ಸುಮಾರು 650 ಕಿಲೋ. ಭಾಗಿಸಿದರೆ ಒಂದು ಟನ್ ತೂಕಕ್ಕೆ ಪದ್ಮಿನಿಯದು ಸುಮಾರು 45 ಎಚ್‌ಪಿ, ಮಾರುತಿಯದು 57. ಸಿಗ್ನಲ್ಲಿನಲ್ಲಿ ಮಾರುತಿ ಚಂಗನೆ ಮುಂದೆ ಹೋಗುತ್ತಿದ್ದದ್ದು ಇದಕ್ಕೇ.

ಪದ್ಮಿನಿಯಲ್ಲಿ ಮುಂದಿನ ಎಂಜಿನ್ನಿನ ಶಕ್ತಿ ಉದ್ದನೆಯ ಶಾಫ್ಟ್ ಮೂಲಕ ಹಿಂದಿನ ಚಕ್ರಗಳಿಗೆ ಹೋಗಬೇಕು. ಗೇರು ಸ್ಟೀರಿಂಗ್ ಪಕ್ಕದಲ್ಲಿ. ಮಾರುತಿಯಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. ಶಾಫ್ಟಿನ ಭಾರವೂ ಇಲ್ಲ, ಅದು ತಿನ್ನುವ ಜಾಗವೂ ಇಲ್ಲ. ಹಗುರವಾದದ್ದರಿಂದ ಪೆಟ್ರೋಲ್ ಖರ್ಚೂ ಕಡಿಮೆ.

ಹಾಗಾದರೆ 1953ರ ಕಾರು ಇಷ್ಟು ವರ್ಷ ಹೇಗೆ ಮಾರಾಟವಾಯಿತು? ಎಷ್ಟು ಕಾರು ಮಾಡಬೇಕು ಅನ್ನುವುದಕ್ಕೂ ಸರ್ಕಾರದ ಲೈಸೆನ್ಸ್ ಬೇಕಿದ್ದ ಕಾಲ ಅದು. ಆಮದಿಗೆ ಅಡ್ಡಗೋಡೆ. ಗಿರಾಕಿಯೇ ಮುಂಗಡ ಕಟ್ಟಿ ವರ್ಷಗಟ್ಟಲೆ ಕಾಯುವಾಗ ಕಂಪನಿ ಎಂಜಿನ್ ಬದಲಾಯಿಸುವುದಾದರೂ ಯಾಕೆ? ಆ ಮೂವತ್ತು ವರ್ಷಗಳ ಬಡ್ಡಿ ಕಟ್ಟಿದವರು ನಾವು, ನಮ್ಮ ಅಪ್ಪಂದಿರು.

ಆದರೂ ಮುಂಬಯಿಯ ಟ್ಯಾಕ್ಸಿಯವರು ಮಾರುತಿಗೆ ಮನಸೋಲಲಿಲ್ಲ. ಪದ್ಮಿನಿಯ ಗಟ್ಟಿ ತಗಡು, ಡಿಕ್ಕಿ, ತಲೆಯ ಮೇಲಿನ ಕ್ಯಾರಿಯರ್ ಅವರಿಗೆ ಬೇಕಿತ್ತು. ಎಂಜಿನ್ ದಶಕಗಟ್ಟಲೆ ಬದಲಾಗದೆ ಇದ್ದದ್ದರಿಂದ ಬಿಡಿಭಾಗ ಎಲ್ಲೆಡೆ ಸಿಗುತ್ತಿತ್ತು, ಗಲ್ಲಿಗೊಬ್ಬ ಮೆಕ್ಯಾನಿಕ್ ಇದ್ದ. ನಮಗೆ ಶಾಪವಾದದ್ದೇ ಅವರಿಗೆ ಅನ್ನವಾಯಿತು.

ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. ಇಪ್ಪತ್ತು ವರ್ಷದ ನಿಯಮದಂತೆ 2023ರ ಅಕ್ಟೋಬರ್ 30ರಿಂದ ಅದು ರಸ್ತೆಯಿಂದ ಮರೆಯಾಯಿತು. ಗೆದ್ದ ಮಾರುತಿ 800 ತಯಾರಾಗುವುದು ಅದಕ್ಕೂ ಮೊದಲೇ, 2014ರ ಜನವರಿಯಲ್ಲೇ ನಿಂತಿತ್ತು. ಎಚ್‌ಪಿಯನ್ನು ತೂಕದಿಂದ ಭಾಗಿಸಬಹುದು. ಆದರೆ ಒಂದು ಕಾರು ಎಷ್ಟು ಮನೆಗಳ ಒಲೆ ಉರಿಸಿತು ಅನ್ನುವುದಕ್ಕೆ ಅಂಥ ಸೂತ್ರವಿಲ್ಲ. ನಿಮ್ಮ ಲೆಕ್ಕ ಏನು ಹೇಳುತ್ತದೆ?