ಸವಳು ನೆಲ ಮತ್ತು ಬೇರುಗಂಟು

ನಾಲೆಯ ನೀರು ಹೋದಲ್ಲಿ ಅದರ ಬೆನ್ನಿಗೇ ಉಪ್ಪೂ ಹೋಗಿದೆ. ಹೊಲದ ಮೇಲೆ ಬಿಳಿ ಉಪ್ಪು ಏಳುತ್ತಿದೆಯೆಂದು ಪಶ್ಚಿಮ ಯಮುನಾ ಕಾಲುವೆ ಪಕ್ಕದ ಮೂನಕ್ ಗ್ರಾಮದವರು 1855ರಲ್ಲೇ ಸರ್ಕಾರಕ್ಕೆ ದೂರಿದ್ದರು. ನೂರು ವರ್ಷದ ಮೇಲೆ ಅದೇ ಪಾಡು ನಮ್ಮಲ್ಲಿಗೂ ಬಂತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದಾಗ, ಯೋಜನೆ ಹಾಕಿದವರ ಲೆಕ್ಕದಲ್ಲಿದ್ದದ್ದು ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳು. ಆದರೆ ಕಾಲುವೆಯ ಮೇಲ್ಭಾಗದವರು ಭತ್ತ ಹಚ್ಚಿದರು. ಎರೆ ಮಣ್ಣಿನಲ್ಲಿ ನೀರು ಬೇಗ ಬಸಿಯುವುದಿಲ್ಲ. ತಳದ ನೀರು ಮೇಲೇರಿ, ಬಿಸಿಲಿಗೆ ಆವಿಯಾಗಿ, ಉಪ್ಪನ್ನು ಮಾತ್ರ ಬಿಟ್ಟುಹೋಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಸವಳು-ಜವಳು ಎಂದರೆ ಇದೇ. ಇಂಥ ಹೊಲದಲ್ಲಿ ಮೊದಲು ಸೋಲುವವು ಕಡಲೆ, ಹೆಸರಿನಂಥ ಕಾಳುಗಳು. ಉಪ್ಪು ತಾಳುವ ಸೂಕ್ಷ್ಮಾಣುವನ್ನು ಬೀಜಕ್ಕೆ ಹಚ್ಚಿದರೆ ಅವನ್ನು ಉಳಿಸಿಕೊಳ್ಳಬಹುದೆಂಬ ಮಾತು ಈಗ ಕೇಳಿಬರುತ್ತಿದೆ. ಅದರಲ್ಲಿ ನಿಜವಿದೆ. ಆದರೆ ಉಪ್ಪು ತಾಳಬಲ್ಲ ಸೂಕ್ಷ್ಮಾಣುವಿಗೆ ಕೊರತೆ ಎಂದೂ ಇರಲಿಲ್ಲ. ಉಪ್ಪಿನಲ್ಲಿ ಕೆಡುವುದು ಅದಕ್ಕೂ ಬೇರಿಗೂ ಇರುವ ನಂಟು. ಬೀಜಕ್ಕೆ ಸೂಕ್ಷ್ಮಾಣು ಹಚ್ಚುವ ಒಂದೂಕಾಲು ಶತಮಾನದ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಇದೆಂದು ನನ್ನ ವಾದ.

ನಂಟಿನ ಗುಟ್ಟು ಹೊರಬಿದ್ದದ್ದು ಜರ್ಮನಿಯಲ್ಲಿ. ಹೆಲ್‌ರೀಗೆಲ್ ಮತ್ತು ವಿಲ್ಫಾರ್ಥ್ ಸಾರಜನಕವಿಲ್ಲದ ಬರೀ ಮರಳಿನ ಕುಂಡಗಳಲ್ಲಿ ಬಟಾಣಿ ಬೆಳೆದರು. ಮರಳನ್ನು ಕಾಯಿಸಿ ಶುದ್ಧಮಾಡಿದ ಕುಂಡಗಳಲ್ಲಿ ಗಿಡ ಬಡಕಲಾಗಿ ನಿಂತಿತು. ಹೊಲದ ಮಣ್ಣು ಕದಡಿದ ನೀರನ್ನು ಒಂದಿಷ್ಟು ಸುರಿದರೆ ಬೇರಿನಲ್ಲಿ ಗಂಟು ಮೂಡಿ ಗಿಡ ಹುಲುಸಾಯಿತು. ಅದೇ ನೀರನ್ನು ಕುದಿಸಿ ಸುರಿದರೆ ಏನೂ ಆಗಲಿಲ್ಲ. ಹೆಲ್‌ರೀಗೆಲ್ ಇದನ್ನು 1886ರಲ್ಲಿ ಬರ್ಲಿನ್ನಿನ ಸಭೆಯಲ್ಲಿ ಹೇಳಿದರು. ಎರಡು ವರ್ಷದಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ಆ ಗಂಟಿನೊಳಗಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಜೀವಾಣುವನ್ನೇ ಬೇರ್ಪಡಿಸಿದರು. 1896ರಲ್ಲಿ ನೊಬ್ಬೆ ಮತ್ತು ಹಿಲ್ಟ್ನರ್ ಅದನ್ನು 'ನೈಟ್ರಾಜಿನ್' ಎಂಬ ಹೆಸರಿನಲ್ಲಿ ಸೀಸೆಗೆ ತುಂಬಿ ಮಾರಾಟಕ್ಕಿಟ್ಟರು, ಒಂದೊಂದು ಕಾಳಿಗೆ ಒಂದೊಂದು ಸೀಸೆ. ಹೊಲಕ್ಕಿಳಿದ ಮೇಲೆ ಫಲ ಹಲವೆಡೆ ನಿರಾಶೆ ತಂದಿತು. ಇಂದು ನಮ್ಮ ರೈತ ಲಿಗ್ನೈಟ್ ಪುಡಿಯ ಪೊಟ್ಟಣ ಒಡೆದು, ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತುವ ಪದ್ಧತಿ ಆ ಸೀಸೆಯ ಸಂತತಿಯೇ. ಇಷ್ಟು ಕಾಲವೂ ಈ ಪೊಟ್ಟಣವನ್ನು ಅಳೆದದ್ದು ಎಷ್ಟು ಸಾರಜನಕ ಕೊಟ್ಟಿತೆಂಬ ಒಂದೇ ಅಳತೆಯಿಂದ. ಉಪ್ಪಿನ ಪ್ರಶ್ನೆ ಬಹುಕಾಲ ಬದಿಗೇ ಉಳಿಯಿತು.

ಆ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡ ಕೆಲಸಗಳಲ್ಲಿ ಹವಾಯಿಯ ಸಿಂಗಲ್ಟನ್ ಮತ್ತು ಬೊಹ್ಲೂಲ್ 1984ರಲ್ಲಿ ಪ್ರಕಟಿಸಿದ ಸೋಯಾ ಅಧ್ಯಯನ ಮುಖ್ಯವಾದದ್ದು. ಗಿಡ ಸಹಿಸಲಾರದಷ್ಟು ಉಪ್ಪಿನಲ್ಲೂ ರೈಜೋಬಿಯಂ ಎಂಬ ಈ ಗಂಟಿನ ಜೀವಾಣುವಿನ ಎಷ್ಟೋ ತಳಿಗಳು ಬದುಕಿರುತ್ತವೆ. ಗಂಟು ಕಟ್ಟುವ ಮೊದಲ ಹಂತಗಳು ಮಾತ್ರ ಸ್ವಲ್ಪ ಉಪ್ಪಿಗೇ ಕೆಡುತ್ತವೆ. ಬೇರಿನ ಎಳೆಗೂದಲು ಸುರುಳಿಯಾಗಿ ಬಾಗಿ ಜೀವಾಣುವನ್ನು ಒಳಗೆ ಬಿಟ್ಟುಕೊಳ್ಳಬೇಕು. ಉಪ್ಪು ಹೆಚ್ಚಿದರೆ ಕೂದಲೇ ಸರಿಯಾಗಿ ಹುಟ್ಟುವುದಿಲ್ಲ. ಅತಿಥಿ ಅಂಗಳಕ್ಕೆ ಬಂದರೂ ಮನೆಯ ಬಾಗಿಲು ತೆರೆಯುವುದಿಲ್ಲ.

ಉಪ್ಪಿನ ಪೆಟ್ಟು ಬಿದ್ದ ಗಿಡ ಎಥಿಲೀನ್ ಅನಿಲವನ್ನು ಹೆಚ್ಚಾಗಿ ಹೊರಡಿಸುತ್ತದೆ. ಅದು ಬೇರಿನ ಬೆಳವಣಿಗೆಯನ್ನೂ ಗಂಟಿನ ಹುಟ್ಟನ್ನೂ ತಡೆಯುತ್ತದೆ. ಎಥಿಲೀನಿನ ಮೂಲವಸ್ತುವನ್ನೇ ಮುರಿಯುವ ಕಿಣ್ವವೊಂದು ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇರುವುದನ್ನು 1978ರಲ್ಲಿ ಜಪಾನಿನ ಹೊನ್ಮಾ ಮತ್ತು ಶಿಮೊಮುರಾ ಕಂಡರು. ಇಂಥ ಬ್ಯಾಕ್ಟೀರಿಯಾ ಗಿಡದ ಎಥಿಲೀನನ್ನು ಇಳಿಸಿ ಬೇರನ್ನು ಬೆಳೆಸುವ ಬಗೆಯನ್ನು 1998ರಲ್ಲಿ ಕೆನಡಾದ ಗ್ಲಿಕ್ ಮತ್ತು ಸಂಗಡಿಗರು ವಿವರಿಸಿದರು. ಆಮೇಲೆ ಪಾಕಿಸ್ತಾನದ ಫೈಸಲಾಬಾದಿನಲ್ಲಿ ಉಪ್ಪು ನೆಲದ ಹೆಸರಿಗೆ ಇವೆರಡನ್ನೂ, ಎಂದರೆ ಗಂಟು ಕಟ್ಟುವ ರೈಜೋಬಿಯಂ ಹಾಗೂ ಎಥಿಲೀನ್ ತಗ್ಗಿಸುವ ಸ್ಯೂಡೊಮೊನಾಸ್, ಒಟ್ಟಿಗೆ ಕೊಟ್ಟು ಪ್ರಯೋಗಿಸಿದಾಗ ಬೆಳೆ ಸುಧಾರಿಸಿತು.

ನಮ್ಮ ಮಣ್ಣಿನಲ್ಲೇ ರೈಜೋಬಿಯಂ ಇರುವಾಗ ಹೊರಗಿನದೇಕೆ ಎಂದು ಕೇಳಬಹುದು. ಇದೆ, ಆದರೆ ಸಂಖ್ಯೆಯಲ್ಲಿ ಹೆಚ್ಚಿರುವ ತಳಿ ಸಾರಜನಕ ಕೊಡುವುದರಲ್ಲೂ ಚುರುಕಾಗಿರಬೇಕೆಂದೇನಿಲ್ಲ. ವರ್ಷಗಟ್ಟಲೆ ಪಾಳು ಬಿದ್ದ ಸವಳಿನಲ್ಲಿ ಅದಕ್ಕೆ ಆಸರೆಯಾಗುವ ಕಾಳಿನ ಗಿಡವೂ ಇರುವುದಿಲ್ಲ. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಬಸಿಗಾಲುವೆಯ ಮೂಲಕ ಉಪ್ಪನ್ನು ಹೊರಹಾಕುವ ದುಬಾರಿ ಕೆಲಸದಿಂದ ತಪ್ಪಿಸಿಕೊಳ್ಳಲು ಇದೊಂದು ನೆಪವಲ್ಲವೇ? ನೆಪವಾಗಬಹುದು, ಒಪ್ಪಬೇಕಾದ ಮಾತು. ಜೀವಾಣು ಗಿಡದ ಸಂಕಟ ಇಳಿಸೀತು, ಹೊಲದ ಉಪ್ಪನ್ನು ಹೊತ್ತೊಯ್ಯಲಾರದು. 1969ರಲ್ಲಿ ಶುರುವಾದ ಕರ್ನಾಲಿನ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಕ್ಷಾರ ನೆಲ ತಿದ್ದಲು ಹಿಡಿದ ದಾರಿಯಲ್ಲಿ ಜಿಪ್ಸಂ ಹಾಕಿ, ನೀರು ನಿಲ್ಲಿಸಿ, ಸೋಡಿಯಂ ತಳಕ್ಕಿಳಿಸುವುದು ಮೊದಲು. ಭತ್ತ, ಡಯಾಂಚ ಅದರ ನಂತರ. ಡಯಾಂಚವಂತೂ ಉಪ್ಪು, ನಿಂತ ನೀರು ಎರಡನ್ನೂ ತಾಳಿಕೊಂಡು ಬೇರಿನಲ್ಲಿ ಗಂಟು ಕಟ್ಟುವ ದ್ವಿದಳ ಗಿಡ. ಹೂ ಬಿಡುವ ಹೊತ್ತಿಗೆ ಅದನ್ನು ಮಣ್ಣಿಗೆ ಉತ್ತವರು ಸೂಕ್ಷ್ಮಾಣುವಿನಿಂದ ಉಪ್ಪು ನೆಲ ತಿದ್ದುವ ಕೆಲಸವನ್ನು ಪೊಟ್ಟಣವಿಲ್ಲದೆಯೇ ಮಾಡಿದ್ದರು. ಗಿಡದ ಆಯ್ಕೆಗೂ ಇಲ್ಲಿ ಪಾಲಿದೆ. ಉಪ್ಪು ತಾಳುವ 'ಕರ್ನಾಲ್ ಚನಾ-1' ಕಡಲೆ ತಳಿ ಅದೇ ಸಂಸ್ಥೆಯಿಂದ ಬಂದದ್ದು.

ಜೀವಾಣು ಪೊಟ್ಟಣ ಹಂಚುವ ಇಲಾಖೆ ಅದರ ಜೊತೆಗೆ ಆ ಹೊಲದ ಮಣ್ಣಿನ ಲವಣಾಂಶದ ಚೀಟಿಯನ್ನೂ ರೈತನ ಕೈಗೆ ಕೊಡಲಿ. ಬಸಿಗಾಲುವೆಯ ಹೂಳೆತ್ತದ ಊರಿನಲ್ಲಿ ಹೆಸರಿನ ಬೀಜಕ್ಕೆ ರೈಜೋಬಿಯಂ ಹಚ್ಚಿಸುವುದೆಂದರೆ ಬೀಜವೂ ದಂಡ, ಬೆಲ್ಲವೂ ದಂಡ.