ಗುಡ್ಡದ ಸೈಕಲ್ ಸವಾರಿ: ಕೈಗಳ ದಣಿವು ಮತ್ತು ಕಂಪನದ ನಿವಾರಣೆ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ನಮ್ಮವರ ಮನೆಗಳ ಯುವಕ ಯುವತಿಯರು ಸಹ್ಯಾದ್ರಿಯ ಕಲ್ಲುಹಾದಿಗಳಲ್ಲಿ ಸೈಕಲ್ ಓಡಿಸುವ ಹವ್ಯಾಸವನ್ನು ಬೆಳೆಸಿಕೊಂಡಿರುವುದನ್ನು ನಾವು ಬಲ್ಲೆವು. ಇಳಿಜಾರು ಮುಗಿಯುವ ವೇಳೆಗೆ ಅಂಗೈ ಜೋಮು ಹಿಡಿಯುವುದು ಅವರೆಲ್ಲರ ಸಾಮಾನ್ಯ ದೂರು.

ಈ ಕ್ರೀಡೆಯು 1970ರ ದಶಕದಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ರೂಪುಗೊಂಡಿತು. ಅಲ್ಲಿ 1976ರಲ್ಲಿ ಆರಂಭವಾದ ಇಳಿಜಾರು ಸ್ಪರ್ಧೆಗೆ 'ರೀಪ್ಯಾಕ್' ಎಂಬ ಹೆಸರು ಬಂದುದು, ಇಳಿದು ಮುಗಿಸುವಷ್ಟರಲ್ಲಿ ಹಿಂಚಕ್ರದ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ, ಮತ್ತೆ ತುಂಬಬೇಕಾಗುತ್ತಿದ್ದುದರಿಂದ. ಅಂದಿನ ಸೈಕಲ್ಲುಗಳಿಗೆ ಸಸ್ಪೆನ್ಷನ್ ಇರಲಿಲ್ಲ. ನೆಲದ ಏಟೆಲ್ಲವೂ ನೇರವಾಗಿ ಕೈಗಳಿಗೇ!

ಕಿರುಬೆರಳಿನ ಬದಿಯಲ್ಲಿ ಮಣಿಕಟ್ಟಿನ ಬುಡದಲ್ಲಿ ಅಲ್ನಾರ್ ನರವು ಚರ್ಮಕ್ಕೆ ಬಹು ಸಮೀಪದಲ್ಲಿ ಹಾದುಹೋಗುತ್ತದೆ. ಹ್ಯಾಂಡಲ್ಲಿನ ಒತ್ತಡ ಮತ್ತು ಕಂಪನ ಅಲ್ಲಿ ಬಿದ್ದಾಗ ಕಿರುಬೆರಳು, ಉಂಗುರ ಬೆರಳುಗಳು ಮರಗಟ್ಟುತ್ತವೆ. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿದರೆ ಒತ್ತಡ ಮೀಡಿಯನ್ ನರದ ಮೇಲೆ ಎಂದು ತಿಳಿಯಬಹುದು. ಸವಾರಿ ನಿಂತೊಡನೆ ಜೋಮು ಹೋಗುವುದಾದರೆ ಸೈಕಲ್ಲನ್ನು ಸರಿಪಡಿಸಿದರೆ ಸಾಕು. ದಿನಗಟ್ಟಲೆ ಉಳಿದರೆ, ಲೇಖನಿ ಹಿಡಿಯಲು ಅಥವಾ ಬೆರಳುಗಳನ್ನು ಅಗಲಿಸಲು ಬಲ ಸಾಲದಾದರೆ, ಸವಾರಿಯನ್ನು ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು. ಪರೀಕ್ಷೆ ಬರೆಯಬೇಕಾದ ಮಕ್ಕಳಿರುವ ಮನೆಗಳಲ್ಲಿ ಇದನ್ನು ಹಗುರವಾಗಿ ಎಣಿಸಬಾರದು.

ಪರಿಹಾರಗಳಲ್ಲಿ ಮೊದಲನೆಯದೂ ಅಗ್ಗವಾದುದೂ ಟಯರಿನ ಗಾಳಿ. ಟಯರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಅಂಕಿಯನ್ನೇ ಸಲಹೆಯೆಂದು ಭಾವಿಸಿ ಕಲ್ಲಿನಂತಾಗುವವರೆಗೆ ಗಾಳಿ ತುಂಬುವವರೇ ಹೆಚ್ಚು. ಅದು ಮೀರಬಾರದ ಮಿತಿ ಮಾತ್ರ. ಮೆತ್ತಗಿನ ಟಯರು ಸಣ್ಣ ಕಲ್ಲುಗಳ ಕಂಪನವನ್ನು ತಾನೇ ನುಂಗುತ್ತದೆ. ಸುಮಾರು 65 ಕಿಲೋ ತೂಕದವರು 2.2ರಿಂದ 2.4 ಅಂಗುಲ ಅಗಲದ ಟಯರಿಗೆ, ಟ್ಯೂಬ್ ಇದ್ದರೆ 30 ಪಿ.ಎಸ್.ಐ., ಟ್ಯೂಬ್‌ಲೆಸ್ ಆದರೆ 24 ಪಿ.ಎಸ್.ಐ. ಆಸುಪಾಸಿನಿಂದ ಆರಂಭಿಸಿ, ಎರಡೆರಡಾಗಿ ಇಳಿಸುತ್ತ ನೋಡಬಹುದು. ಮುಂಚಕ್ರಕ್ಕೆ ಹಿಂಚಕ್ರಕ್ಕಿಂತ ತುಸು ಕಡಿಮೆ ಇರಲಿ. ರಿಮ್ಮಿಗೆ ಕಲ್ಲು ತಾಗಿದ ಸದ್ದು ಕೇಳಿತೆಂದರೆ ಅತಿಯಾಯಿತೆಂದು ಅರ್ಥ. ಮಾಪಕವುಳ್ಳ ಪಂಪೊಂದು ಮನೆಯಲ್ಲಿರುವುದು ಅಗತ್ಯ. ಬೆರಳಿನಿಂದ ಒತ್ತಿ ನೋಡುವುದು ಅಳತೆಯಲ್ಲ.

ಗಾಳಿ ತುಂಬುವ ಫೋರ್ಕು ಇದ್ದಲ್ಲಿ, ಸವಾರ ಪೆಡಲುಗಳ ಮೇಲೆ ನಿಂತಾಗ ಅದು ತನ್ನ ಚಲನೆಯ ಐದನೆಯ ಒಂದು ಪಾಲಿನಷ್ಟು, ಅಂದರೆ 100 ಮಿಲಿಮೀಟರಿಗೆ 20ರಷ್ಟು, ಕುಸಿಯಬೇಕು. ರೀಬೌಂಡ್ ತೀರ ನಿಧಾನವಾಗಿದ್ದರೆ ಸಾಲುಕಲ್ಲುಗಳಲ್ಲಿ ಫೋರ್ಕು ಮೇಲೇಳಲು ಸಮಯ ಸಿಗದೆ ಹಂತಹಂತವಾಗಿ ಬಿಗಿಯಾಗಿಬಿಡುತ್ತದೆ. ಏರಿನಲ್ಲಿ ಹಾಕಿದ ಲಾಕನ್ನು ಇಳಿಜಾರಿನಲ್ಲಿ ತೆಗೆಯಲು ಮರೆಯುವವರೂ ಉಂಟು.

ಬಿಗಿಹಿಡಿತ ಹೆಚ್ಚಿದಷ್ಟೂ ಕಂಪನ ತೋಳಿಗೆ ಏರುತ್ತದೆ. ಆದುದರಿಂದ ಬ್ರೇಕ್ ಲಿವರುಗಳನ್ನು ಒಳಕ್ಕೆ ಸರಿಸಿ, ತುದಿಯನ್ನು ಒಂದೇ ಬೆರಳು ಎಳೆಯುವಂತೆಯೂ ಮಣಿಕಟ್ಟು ನೇರವಾಗಿರುವಂತೆಯೂ ಹೊಂದಿಸಬೇಕು. ಇಳಿಯುವಾಗ ಎರಡೂ ಪೆಡಲುಗಳನ್ನು ಸಮತಲದಲ್ಲಿಟ್ಟು, ಹಿಮ್ಮಡಿ ಇಳಿಸಿ, ದೇಹದ ಭಾರವನ್ನು ಪಾದಗಳು ಹೊರುವಂತೆ ನಿಲ್ಲುವುದು ಕ್ರಮ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಕುಳಿತಾಗಲೂ ಭಾರ ಕೈಗೇ ಜಾರುತ್ತದೆ. ದಪ್ಪ ಜೆಲ್ ಕೈಗವಸುಗಳನ್ನು ನಾವು ಅಷ್ಟಾಗಿ ಶಿಫಾರಸು ಮಾಡಲಾರೆವು: ಗ್ರಿಪ್ಪು ದಪ್ಪವಾದಂತಾಗಿ, ಸಣ್ಣ ಕೈಯವರು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಅದರ ಬದಲು ಕೈಯಳತೆಗೆ ಒಪ್ಪುವ ಮೆತ್ತನೆಯ ಸಿಲಿಕೋನ್ ಗ್ರಿಪ್ಪುಗಳನ್ನು ಹಾಕಿಸಿಕೊಳ್ಳುವುದು ಲೇಸು.