ಉಸ್ತಾದ್, ಪಿ.ಟಿ. ಮೇಷ್ಟ್ರು, ಕೋಚ್

ಎಳೆಯರ ಮೈ ಪಳಗಿಸುವುದೇ ಒಬ್ಬರ ಕಸುಬಾಗಬಹುದು ಎಂಬ ತಿಳಿವಳಿಕೆ ಕರ್ನಾಟಕದಲ್ಲಿ ಮೊದಲು ಕಾಣುವುದು ಗರಡಿಮನೆಯಲ್ಲಿ. ಮೈಸೂರಿನಲ್ಲೂ ಬೆಂಗಳೂರಿನ ಹಳೆಯ ಪೇಟೆಗಳಲ್ಲೂ ಹುಡುಗರು ನಸುಕಿಗೇ ಎದ್ದು ಕೆಮ್ಮಣ್ಣಿನ ಅಖಾಡಕ್ಕಿಳಿದು ಸಾಮು ಮಾಡುತ್ತಿದ್ದರು. ಮೊದಲು ದಂಡ, ಬಸ್ಕಿ, ಗದೆ. ಪಟ್ಟುಗಳ ಪಾಠ ಆಮೇಲೆ. ಹುಡುಗನ ಊಟ, ನಿದ್ದೆ, ನಡತೆ ಎಲ್ಲದರ ಮೇಲೂ ಉಸ್ತಾದರ ಕಣ್ಣಿರುತ್ತಿತ್ತು. ಮೈಸೂರು ದಸರೆಯ ಕುಸ್ತಿಗೆ ಮುಂಚೆ ಪೈಲ್ವಾನರ ಮೈಕಟ್ಟು ಮತ್ತು ಪಳಗಿದ ಮಟ್ಟ ನೋಡಿ ಜೋಡಿ ಕಟ್ಟುವ ಪದ್ಧತಿ ಇಂದಿಗೂ ಉಳಿದಿದೆ. ಈ ಕ್ರಮದ ದೊಡ್ಡ ಕೊರತೆಯೆಂದರೆ ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ಆದರೆ ಒಬ್ಬನೇ ಗುರು ಒಬ್ಬ ಹುಡುಗನನ್ನು ವರ್ಷಗಟ್ಟಲೆ ಗಮನಿಸುವ ಅದರ ಗುಣ ಮುಂದೆ ಬಂದ ವ್ಯವಸ್ಥೆಗಳಲ್ಲಿ ಅಪರೂಪವಾಯಿತು.

ಶಾಲೆಯ ಬಯಲಿನಲ್ಲಿ ಸೀಟಿ ಊದುವ ಗುರುವಿನ ಬೇರು ಅಮೆರಿಕದಲ್ಲಿದೆ. ಮಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಜನ ಸಂಸ್ಥೆ ನಡೆಸುತ್ತಿದ್ದ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದರು. ಅದೇ ರಾಜ್ಯದ ಹೋಲಿಯೋಕ್‌ನಲ್ಲಿ ವಿಲಿಯಂ ಮಾರ್ಗನ್ 1895ರಲ್ಲಿ ವಾಲಿಬಾಲ್ ಶುರುಮಾಡಿದರು. ಇದೇ ವೈ.ಎಂ.ಸಿ.ಎ. ಮೂಲಕ ಭಾರತಕ್ಕೆ ಬಂದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ತೆರೆದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡಕ್ಕೆ ಅವರೇ ಮ್ಯಾನೇಜರ್. ಇಂಥ ಕಾಲೇಜುಗಳಲ್ಲಿ ಕಲಿತವರು ದಕ್ಷಿಣದ ಹೈಸ್ಕೂಲುಗಳನ್ನು ಸೇರಿದರು; ಮಕ್ಕಳ ಬಾಯಲ್ಲಿ ಡ್ರಿಲ್ ಮೇಷ್ಟ್ರು, ಪಿ.ಟಿ. ಮೇಷ್ಟ್ರು ಆದರು. ಇಡೀ ಶಾಲೆಗೆ ಅವರೊಬ್ಬರೇ. ಸಾಲು ನಿಲ್ಲಿಸುವುದು, ಕವಾಯತು, ರಾಷ್ಟ್ರೀಯ ಹಬ್ಬಗಳ ಸಿದ್ಧತೆ, ವರ್ಷಕ್ಕೊಮ್ಮೆ ಹೋಬಳಿ, ತಾಲ್ಲೂಕು, ಜಿಲ್ಲಾ ಕ್ರೀಡಾಕೂಟಗಳಿಗೆ ತಂಡ ಕರೆದೊಯ್ಯುವುದು, ಎಲ್ಲವೂ ಅವರ ಪಾಲಿಗೆ. ಸಹಜವಾಗಿ ಆಗಲೇ ಚೆನ್ನಾಗಿ ಓಡುವ ಮಕ್ಕಳಿಗೆ ಆದ್ಯತೆ ಸಿಕ್ಕಿತು. ನಿಧಾನವಾಗಿ ಬೆಳೆಯುವ ಮಗು ಸಾಲಿನ ಕೊನೆಯಲ್ಲೇ ಉಳಿಯಿತು.

ಬಕ್ ಕಾಲೇಜು ತೆರೆದ ವರ್ಷವೇ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್ ಓಡಿದರು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಹಳ್ಳಿಯ ಓಟಗಾರರು ಬರಿಗಾಲಲ್ಲಿ ಓಡುವುದನ್ನು ಕಂಡ ಉದ್ಯಮಿ ದೊರಾಬ್ಜಿ ಟಾಟಾ ಅವರ ಉತ್ಸಾಹದಿಂದ ಭಾರತದ ಆ ಒಲಿಂಪಿಕ್ಸ್ ತಂಡ ಹೊರಟಿತ್ತು. 42.75 ಕಿಲೋಮೀಟರನ್ನು ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಇಷ್ಟು ಕಸುವಿದ್ದ ನೆಲದಲ್ಲಿ ಅದನ್ನು ಚಿಕ್ಕಂದಿನಿಂದಲೇ ತಿದ್ದುವ ಏರ್ಪಾಡು ಬರಲು ಇನ್ನೂ ಹಲವು ದಶಕ ಬೇಕಾಯಿತು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಬೆಂಗಳೂರಿನ ಕ್ರೀಡಾಪಟುಗಳಿಗೆ ಆಸರೆಯಾದದ್ದು ಸಾರ್ವಜನಿಕ ಕಾರ್ಖಾನೆಗಳು. ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಲ್. ಆಟಗಾರರಿಗೆ ಕೆಲಸ ಕೊಟ್ಟವು, ತಂಡ ಕಟ್ಟಿದವು. ಕೋಲಾರದಲ್ಲಿ ಹುಟ್ಟಿದ ಕೆನೆತ್ ಪೊವೆಲ್ ಐ.ಟಿ.ಐ. ನೌಕರರಾಗಿದ್ದುಕೊಂಡೇ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿದರು. ಆದರೆ ಈ ನೆರವು ಸಿಗುತ್ತಿದ್ದದ್ದು ಬೆಳೆದು ನಿಂತವರಿಗೆ. ಹತ್ತು ಹನ್ನೆರಡರ ಮಗುವನ್ನು ನೋಡಿಕೊಳ್ಳುವವರು ಮನೆಯವರೇ ಆಗಬೇಕಿತ್ತು. ಅದಕ್ಕೆ ಒಳ್ಳೆಯ ಸಾಕ್ಷಿ ಪ್ರಕಾಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್‌ನ ಮದುವೆ ಸಭಾಂಗಣವೇ ಅವರ ಬ್ಯಾಡ್ಮಿಂಟನ್ ಅಂಕಣ, ತಂದೆ ರಮೇಶ್ ಪಡುಕೋಣೆಯೇ ಗುರು. ಮದುವೆಯಿದ್ದ ದಿನ ಆಟವಿಲ್ಲ. 1962ರಲ್ಲಿ ಆಡಿದ ಮೊದಲ ರಾಜ್ಯ ಜೂನಿಯರ್ ಟೂರ್ನಿಯ ಮೊದಲ ಸುತ್ತಿನಲ್ಲೇ ಸೋತ ಹುಡುಗ ಎರಡು ವರ್ಷದ ಮೇಲೆ ಅದನ್ನೇ ಗೆದ್ದ. 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಬಂತು. ಮೊದಲ ಸುತ್ತಿನ ಆ ಸೋಲಿನ ನಂತರವೂ ಮಗನ ಜೊತೆ ನಿಂತ ತಂದೆಯ ತಾಳ್ಮೆ ಈ ಚರಿತ್ರೆಯಲ್ಲಿ ಪ್ರಶಸ್ತಿಯಷ್ಟೇ ಮುಖ್ಯವಾದದ್ದು.

ಕೋಚ್ ಎನ್ನುವುದಕ್ಕೆ ಪದವಿಯ ಬಲ ಬಂದದ್ದು 1961ರಲ್ಲಿ, ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಶುರುವಾದಾಗ. ಅಲ್ಲಿ ಡಿಪ್ಲೊಮಾ ಪಡೆದವರನ್ನು ಇಂದಿಗೂ ಎನ್.ಐ.ಎಸ್. ಕೋಚ್ ಎಂದೇ ಕರೆಯುತ್ತಾರೆ. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಬೆನ್ನಿಗೆ, 1984ರಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರ ರೂಪುಗೊಂಡಿತು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ಅದರ ದಕ್ಷಿಣ ಕೇಂದ್ರವಿದೆ.

ಈ ಪ್ರಾಧಿಕಾರ 1987ರಲ್ಲಿ ಕೈಗೊಂಡ ವಿಶೇಷ ಪ್ರದೇಶ ಕ್ರೀಡಾ ಯೋಜನೆಯನ್ನು ಸ್ವಲ್ಪ ನಿಂತು ನೋಡಬೇಕು. ಆಗ ಕೇಂದ್ರ ಕ್ರೀಡಾ ಸಚಿವೆಯಾಗಿದ್ದವರು ಮಂಗಳೂರು ಮೂಲದ ಮಾರ್ಗರೆಟ್ ಆಳ್ವ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸುತ್ತಿನ ಕಾಡಂಚಿನಲ್ಲಿ ಬದುಕುವ ಸಿದ್ದಿ ಸಮುದಾಯದ ಮಕ್ಕಳನ್ನು ಆರಿಸಿ ಹಾಸ್ಟೆಲ್ಲುಗಳಿಗೆ ತಂದು ತರಬೇತಿ ಕೊಡುವುದು ಯೋಜನೆಯ ಒಂದು ಭಾಗ. ಆಫ್ರಿಕಾ ಮೂಲದವರಾದ್ದರಿಂದ ಓಟ ಇವರ ರಕ್ತದಲ್ಲೇ ಇದೆ ಎಂಬ ಊಹೆ ಇದರ ಹಿಂದಿತ್ತು. ಊಹೆ ತಪ್ಪು: ಮಗುವಿನ ಕುಲ ನೋಡಿ ಪದಕ ಎಣಿಸಲಾಗದು. ಹಾಗಿದ್ದರೂ ಒಳ್ಳೆಯ ಊಟ, ಮೈದಾನ, ದಿನವೂ ಎದುರಿಗಿರುವ ಕೋಚ್ ಸಿಕ್ಕಾಗ ಮಕ್ಕಳು ಬೇಗ ಅರಳಿದರು. ಕಮಲಾ ಸಿದ್ದಿ, ಫಿಲಿಪ್ ಆಂಟನಿ ಸಿದ್ದಿ ಮುಂತಾದವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. 1993ರ ಹೊತ್ತಿಗೆ ಸಿದ್ದಿಗಳ ಪಾಲಿಗೆ ಆ ಯೋಜನೆ ನಿಂತುಹೋಯಿತು. ಹತ್ತರ ವಯಸ್ಸಿನಲ್ಲಿ ಹಾಸ್ಟೆಲ್ ಸೇರಿದ ಮಗು ಓಟಗಾರನಾಗಿ ಮಾಗಲು ಹತ್ತು ಹನ್ನೆರಡು ವರ್ಷ ಹಿಡಿಯುತ್ತದೆ. ಯೋಜನೆಯ ಆಯುಸ್ಸೇ ಆರು ವರ್ಷ. ಅರ್ಧದಲ್ಲಿ ಊರಿಗೆ ಮರಳಿದವರಲ್ಲಿ ಎಷ್ಟು ಒಳ್ಳೆಯ ಓಟಗಾರರು ಕಳೆದುಹೋದರೆಂದು ನೆನೆದರೆ ಸಂಕಟವಾಗುತ್ತದೆ. 2010ರ ದಶಕದಲ್ಲಿ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆ ಮುಂಡಗೋಡದಲ್ಲೇ ತರಬೇತಿ ಆರಂಭಿಸಿತು. ಮಕ್ಕಳನ್ನು ದೂರದ ನಗರಕ್ಕೆ ಕಿತ್ತೊಯ್ಯದೆ ಕೋಚ್‌ಗಳನ್ನೇ ಅವರ ಬಳಿಗೆ ಒಯ್ದದ್ದು ದೊಡ್ಡ ತಿದ್ದುಪಡಿ.

1994ರಲ್ಲಿ ಪ್ರಕಾಶ್ ಪಡುಕೋಣೆ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ ಅಕಾಡೆಮಿ ತೆರೆದರು. 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದ ಪುಲ್ಲೇಲ ಗೋಪಿಚಂದ್ ಅಲ್ಲಿಯೂ ಪ್ರಾಧಿಕಾರದ ಕೇಂದ್ರದಲ್ಲಿ ಗಂಗೂಲಿ ಪ್ರಸಾದ್ ಅವರ ಬಳಿಯೂ ಪಳಗಿದವರು. ಈಜಿನಲ್ಲಿ ಬಸವನಗುಡಿ ಅಕ್ವಾಟಿಕ್ ಸೆಂಟರ್ ಹೆಸರಾಯಿತು. ಅಕಾಡೆಮಿ ಎಂಬ ಮಾತು ಮನೆಮಾತಾಗಿ ಬಡಾವಣೆಗೊಂದು ಹುಟ್ಟಿಕೊಂಡಾಗ ಅದರ ಜೊತೆಗೆ ಫೀಸೂ ಬಂತು, ಎಂಟು ವರ್ಷದೊಳಗಿನವರ ಟೂರ್ನಿ, ಕಪ್ಪುಗಳೂ ಬಂದವು.

ಈ ಅವಸರದ ಬಗ್ಗೆ ಅಮೆರಿಕದಲ್ಲೇ ಮರುಚಿಂತನೆ ನಡೆಯಿತು. ಅಲ್ಲಿನ ಐಸ್ ಹಾಕಿ ಸಂಸ್ಥೆ 2009ರಲ್ಲಿ ಹೊಸ ಮಾದರಿ ತಂದು, ಚಿಕ್ಕ ಮಕ್ಕಳನ್ನು ಅಂಕಣದ ಅಡ್ಡಕ್ಕೆ ಸಣ್ಣ ಜಾಗದಲ್ಲಿ ಆಡಿಸಲು ಹೇಳಿತು. 12ರೊಳಗಿನವರ ರಾಷ್ಟ್ರೀಯ ಚಾಂಪಿಯನ್‌ಷಿಪ್ಪನ್ನೇ ಕೈಬಿಟ್ಟಿತು. ಸಣ್ಣ ಜಾಗವಾದರೆ ಪ್ರತಿ ಮಗುವಿಗೂ ಆಟದ ಪಕ್ ಹೆಚ್ಚು ಸಲ ಸಿಗುತ್ತದೆ, ಬೆಂಚಿನ ಮೇಲೆ ಕಾಯುವುದು ತಪ್ಪುತ್ತದೆ. ಇಂಥದ್ದೇ ವಿವೇಕ ರಾಹುಲ್ ದ್ರಾವಿಡ್ ಅವರಲ್ಲಿ ಕಂಡಿತು. 2015ರಲ್ಲಿ 19ರೊಳಗಿನವರ ಕ್ರಿಕೆಟ್ ತಂಡದ ಹೊಣೆ ಹೊತ್ತ ಅವರು ವಯಸ್ಸಿನ ವಂಚನೆಯನ್ನು ಬಹಿರಂಗವಾಗಿ ಖಂಡಿಸಿದರು. ಒಬ್ಬ ಆಟಗಾರ ಒಂದೇ ಜೂನಿಯರ್ ವಿಶ್ವಕಪ್ ಆಡಬೇಕು ಎಂಬ ನಿಯಮ ಅವರ ನಿಲುವಿನಿಂದಲೇ ಬಂತು.

ಬೆಂಗಳೂರಿನ ಹೊರವಲಯದಲ್ಲಿ, ಹೊಸೂರು ರಸ್ತೆಯ ಚಂದಾಪುರದಲ್ಲಿ ಈ ಕಾಲಘಟ್ಟಗಳೆಲ್ಲ ಒಟ್ಟಿಗೆ ಕಾಣಸಿಗುತ್ತವೆ. 1978ರಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ಹತ್ತಿರದಲ್ಲೇ ಎಲೆಕ್ಟ್ರಾನಿಕ್ ಸಿಟಿಯನ್ನು ಹುಟ್ಟುಹಾಕಿದಾಗ ಸುತ್ತಲಿದ್ದದ್ದು ರಾಗಿ ಹೊಲ. ಬೆಳೆ ಕಟಾವಾದ ಹೊಲವೇ ಮಕ್ಕಳ ಕಬಡ್ಡಿ ಅಂಕಣ. ಬೊಮ್ಮಸಂದ್ರದಲ್ಲಿ ಕಾರ್ಖಾನೆಗಳು, ಆನೇಕಲ್ ರಸ್ತೆಯುದ್ದಕ್ಕೂ ಲೇಔಟುಗಳು ಎದ್ದ ಮೇಲೆ ಆ ಬಯಲು ಸೈಟುಗಳಾಯಿತು. ಹೊಸ ಕಂಪನಿಗಳು ಜಿಮ್ಮು, ಅಂಕಣಗಳನ್ನು ತಮ್ಮ ಕಾಂಪೌಂಡಿನೊಳಗೆ ಕಟ್ಟಿಕೊಂಡವು, ಐ.ಟಿ.ಐ. ಕಾಲದಂತೆ ಊರಿನ ಓಟಗಾರನಿಗೆ ಕೆಲಸ ಕೊಡುವ ರೂಢಿ ಮುಂದುವರಿಯಲಿಲ್ಲ. ಈಗ ಅಪಾರ್ಟ್‌ಮೆಂಟಿನ ಮಕ್ಕಳು ಬಾಡಿಗೆ ಟರ್ಫಿನಲ್ಲಿ ತಿಂಗಳ ಫೀಸು ಕೊಟ್ಟು ಕಲಿಯುತ್ತಾರೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೊ ಬಂದ ಮೇಲೆ ನಗರದೊಳಗಿನ ಅಕಾಡೆಮಿಗಳೂ ಅವರಿಗೆ ಹತ್ತಿರವಾಗಿವೆ. ಕಾರ್ಖಾನೆ ಕಾರ್ಮಿಕರ ಮಕ್ಕಳ ಪಾಲಿಗೆ ಇಂದಿಗೂ ಕೋಚ್ ಎಂದರೆ ಸರ್ಕಾರಿ ಶಾಲೆಯ ಪಿ.ಟಿ. ಮೇಷ್ಟ್ರೇ. ಹೋಬಳಿ ಕ್ರೀಡಾಕೂಟ ಹತ್ತಿರವಾದಾಗ ಅವರು ಸುಣ್ಣದ ಗೆರೆ ಎಳೆದು ಖೋಖೋ, ಕಬಡ್ಡಿ ಆಡಿಸುತ್ತಾರೆ. ಕೂಟ ಮುಗಿದ ಮೇಲೂ ಆ ಗೆರೆ ಅಳಿಯದಂತೆ ವರ್ಷಪೂರ್ತಿ ಅಭ್ಯಾಸ ನಡೆಸುವ ಏರ್ಪಾಡು ಇನ್ನೂ ಬರಬೇಕಾಗಿದೆ.